ಕುಂಡಲಿಕೆಯ ನೀರು



ಮುಂಬಯಿಯಿಂದ ಗೋವಾ ಹೆದ್ದಾರಿ ಹಿಡಿದು ನೂರು ಕಿಲೋಮೀಟರಿಗೂ ಮಿಕ್ಕಿ ಹೋದರೆ ಕೋಲಾಡ್. ಅಲ್ಲಿ ಕುಂಡಲಿಕಾ ನದಿಯ ದಡದಲ್ಲಿ ನಮ್ಮ ಹುಡುಗ ಹುಡುಗಿಯರು ಬೆಳಗ್ಗೆಯೇ ಲೈಫ್ ಜಾಕೆಟ್ ಬಿಗಿದುಕೊಂಡು, ರಾಫ್ಟಿನ ಪಕ್ಕ ನೀರಿಗಾಗಿ ಕಾಯುತ್ತಾರೆ. ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದ ನದಿ ನೋಡನೋಡುತ್ತ ಮೈದುಂಬಿ, ನೊರೆಯುಕ್ಕಿಸುತ್ತ ಓಡತೊಡಗುತ್ತದೆ.

ಕಡುಬೇಸಿಗೆಯಲ್ಲೂ ಈ ರಭಸ ಎಲ್ಲಿಂದ ಬಂತು? ಘಟ್ಟದ ಮೇಲೆ ಮುಳಶಿ ಅಣೆಕಟ್ಟು ತಡೆದಿಟ್ಟ ಮುಳಾ ನದಿಯ ನೀರು ಅದು. ಕೊಳವೆಗಳಲ್ಲಿ ಧುಮುಕಿ, ಭೀರಾದ ಟಾಟಾ ವಿದ್ಯುದಾಗಾರದ ಟರ್ಬೈನು ತಿರುಗಿಸಿ, ಕುಂಡಲಿಕೆಗೆ ಇಳಿಯುತ್ತದೆ. 1927ರಲ್ಲಿ ಶುರುವಾದ ಆ ವಿದ್ಯುತ್ತು ಬಂದದ್ದು ನಮ್ಮ ಮುಂಬಯಿಗೆ. ತನ್ನ ಪಾಡಿಗೆ ಬಿಟ್ಟಿದ್ದರೆ ಅದೇ ನೀರು ಪುಣೆ ದಾಟಿ, ಭೀಮೆಯನ್ನು ಸೇರಿ, ವಿಜಯಪುರ, ಕಲಬುರಗಿಯ ಕಡೆಗೆ ಹರಿಯುತ್ತಿತ್ತು!

ಈ ಅಣೆಕಟ್ಟಿನಿಂದ ನೆಲ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳ್ತನದಲ್ಲಿ ಸತ್ಯಾಗ್ರಹ ಹೂಡಿದರು. ಜೈಲಿಗೂ ಹೋದರು. ಕಟ್ಟೆ ಎದ್ದಿತು, ಊರುಗಳು ಮುಳುಗಿದವು.

ಮಕ್ಕಳು ಕೋಲಾಡಿಗೆ ಖಂಡಿತ ಹೋಗಲಿ, ನೀರಿಗಿಳಿದು ಗಟ್ಟಿಯಾಗಲಿ. ಹುಟ್ಟು ಹಿಡಿಯಲು ಕಲಿಸುವವರು ಮುಳಶಿಯ ಕತೆಯನ್ನೂ ಹೇಳಲಿ ಎಂಬುದು ನನ್ನ ಆಸೆ. ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳಿಗೆ ಒಂದು ಮಾತು: ಅಲ್ಲಿಂದ ತಾಮ್ಹಿಣಿ ಘಾಟಿ ಹತ್ತಿದರೆ ಮುಳಶಿಯ ಹಿನ್ನೀರು ಸಿಗುತ್ತದೆ, ಅದನ್ನೂ ತೋರಿಸಿಕೊಂಡು ಬನ್ನಿ.