ಸಂಶೋಧನೆಗೆ ಯಾವ ಡಿಜಿಟಲ್ ಸಾಧನ?



ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು ಹಳೆಯ ರೂಢಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಕುಸಿದು ಜೀವಹಾನಿಯಾಯಿತು. ಇಂಥ ಅಂಕಿಗಳ ಬೆಲೆ ಏನೆಂದು ಆಗ ನಮಗೆಲ್ಲ ತಿಳಿಯಿತು. ಎಲ್ಲಿ ಎಷ್ಟು ಮಳೆ ಬಿದ್ದರೆ ಮಣ್ಣು ಸಡಿಲವಾಗುತ್ತದೆ ಎಂದು ಅರಿಯಲು ಒಂದೇ ತೋಟದ ಪುಸ್ತಕ ಸಾಲದು. ಹಲವರ ಅಂಕಿಗಳು ಒಂದೆಡೆ ಸೇರಬೇಕು, ಬೇರೆಯವರು ಅವನ್ನು ಪರೀಕ್ಷಿಸಬೇಕು. ವಿಜ್ಞಾನದಲ್ಲಿ ಸಂವಹನವೆಂದರೆ ಇದೇ.

ನಾಳೆ ನಿಮ್ಮಲ್ಲೊಬ್ಬರು ಈ ವಿಷಯದಲ್ಲಿ ಸಂಶೋಧನೆಗೆ ಇಳಿದರೆ ಯಾವ ಸಾಧನ ಆರಿಸಬೇಕು? ಮೊದಲು ಕೆಲಸ ಯಾವುದೆಂದು ನೋಡಿ, ನಂತರ ಸಾಧನ ನೋಡಿ. ಜೊತೆಗಾರರೊಡನೆ ಚರ್ಚಿಸಲು ವಾಟ್ಸಾಪ್, ಇಮೇಲ್ ಸಾಕು. ಓದಿದ ಲೇಖನಗಳ ವಿವರ ಜೋಡಿಸಿಡಲು ಜೊಟೆರೊ ಎಂಬ ಉಚಿತ ತಂತ್ರಾಂಶವಿದೆ. ಆದರೆ ಅಂಕಿಗಳನ್ನೂ ಲೇಖನವನ್ನೂ ಇಡುವ ಜಾಗ ಬೇರೆಯೇ ಆಗಬೇಕು. ಫೋನ್ ಕಳೆದರೆ ಅದರಲ್ಲಿದ್ದುದೂ ಹೋದೀತು. ಲಕ್ಷಾಂತರ ಜನ ಬಳಸಿದ ಆರ್ಕುಟ್ ಕೂಡ 2014ರಲ್ಲಿ ಮುಚ್ಚಿಹೋಯಿತು.

ಉಳಿಸುವುದಕ್ಕೆಂದೇ ಕಟ್ಟಿದ ಭಂಡಾರಗಳಿವೆ. ಅಮೆರಿಕದಲ್ಲಿ 1991ರಲ್ಲಿ ಆರಂಭವಾದ ಆರ್ಕೈವ್ ಇಂದಿಗೂ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನದೇ ಭಂಡಾರ ತೆರೆಯಿತು. ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಯುರೋಪಿನ ಸರ್ನ್ ಸಂಸ್ಥೆ 2013ರಲ್ಲಿ ಆರಂಭಿಸಿದ ಝೆನೊಡೊದಲ್ಲಿ ಸಂಶೋಧನೆಯ ಅಂಕಿಗಳನ್ನು ಉಚಿತವಾಗಿ ಇಡಬಹುದು. ಅಲ್ಲಿ ಇಟ್ಟದ್ದಕ್ಕೆ ಡಿಒಐ ಎಂಬ ಕಾಯಂ ಗುರುತು ಸಿಗುತ್ತದೆ. ಜಾಲತಾಣದ ವಿಳಾಸ ಬದಲಾದರೂ ಆ ಗುರುತಿನಿಂದ ಅದನ್ನು ಹುಡುಕಬಹುದು.

ಭಾಷೆ ಕಲಿಸುವ ನಾನು ಇನ್ನೊಂದು ಮಾತು ಹೇಳಲೇಬೇಕು. ಹಳೆಯ ನುಡಿಯಲ್ಲಿ ಟೈಪಿಸಿದ ಕನ್ನಡ, ಹಳೆಯ ಇನ್‌ಪೇಜ್‌ನ ಉರ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗುವುದನ್ನು ನೋಡಿದ್ದೇವೆ. ಆದ್ದರಿಂದ ಯುನಿಕೋಡ್‌ನಲ್ಲೇ ಬರೆಯಿರಿ. ಮಳೆಯ ಅಂಕಿಗಳನ್ನು ಸಿಎಸ್‌ವಿ ಎಂಬ ಸಾದಾ ಕಡತದಲ್ಲಿಡಿ. ಊರು, ದಿನಾಂಕದ ಜೊತೆ ಇಂಚೋ ಮಿಲಿಮೀಟರೋ ಎಂಬುದನ್ನೂ ನಮೂದಿಸಿ. ಒಂದು ಇಂಚೆಂದರೆ 25.4 ಮಿ.ಮೀ.; ಅಳತೆ ಬರೆಯದಿದ್ದರೆ ವರ್ಷಗಳ ಶ್ರಮ ವ್ಯರ್ಥ. ತೋಟದವರ ಒಪ್ಪಿಗೆಯಿಲ್ಲದೆ ಅವರ ಅಂಕಿಗಳನ್ನು ಪ್ರಕಟಿಸಬೇಡಿ.

ಯಾವ ಸಾಧನ ಎದುರಾದರೂ ಮೂರು ಪ್ರಶ್ನೆ ಕೇಳಿ. ಹಣ ಕೊಡಲಾಗದವರೂ ಇದನ್ನು ಓದಬಹುದೇ? ಹತ್ತು ವರ್ಷದ ನಂತರವೂ ಇದು ಸಿಗುವುದೇ? ಬೇಕೆಂದಾಗ ನಮ್ಮ ಬರಹವನ್ನು ಬೇರೆಡೆಗೆ ಒಯ್ಯಬಹುದೇ? ಮೂರಕ್ಕೂ ಹೌದೆಂಬ ಉತ್ತರ ಸಿಕ್ಕರೆ ಗಾಳಿಬೀಡಿನ ವಿದ್ಯಾರ್ಥಿ ಅಳೆದ ಮಳೆಯೂ ಜಗತ್ತಿನ ವಿಜ್ಞಾನಕ್ಕೆ ಸೇರುತ್ತದೆ, ಮುಂದಿನ ಮಳೆಗಾಲದಲ್ಲಿ ಯಾರದೋ ಮನೆಯನ್ನು ಕಾಯಲು ನೆರವಾಗುತ್ತದೆ.