ಕಪ್ಪು ಬಣ್ಣ ಕಲಿಸುವ ಪಾಠ



ತಲೆಗೂದಲಿನ ಕಪ್ಪು, ಎಮ್ಮೆಯ ಮೈಯ ಕಪ್ಪು, ಕಾಗೆಯ ಗರಿಯ ಕಪ್ಪು. ಇವೆಲ್ಲಕ್ಕೂ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಸುಡುಬಿಸಿಲಿನಿಂದ ಜೀವಕೋಶಗಳನ್ನು ಕಾಯುವುದು ಅದರ ಪರಿಚಿತ ಕಾಯಕ. ಅದಕ್ಕೆ ವಿದ್ಯುತ್ತಿನ ನಂಟೂ ಇದೆಯೆಂಬುದನ್ನು 1974ರಲ್ಲಿ ಅಮೆರಿಕದ ಮೆಕ್‌ಗಿನ್ನೆಸ್, ಕಾರಿ ಮತ್ತು ಪ್ರಾಕ್ಟರ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು.

2013ರಲ್ಲಿ ಅದೇ ದೇಶದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಬೆಟಿಂಗರ್ ಅವರ ತಂಡವು ಮೆಲನಿನ್ನಿನಿಂದ ಬ್ಯಾಟರಿಯನ್ನೇ ರಚಿಸಿತು. ಆ ಮೆಲನಿನ್ ದೊರೆತದ್ದು ಕಟಲ್‌ಫಿಶ್ ಎಂಬ ಕಡಲಜೀವಿಯ ಮಸಿಯಿಂದ. ಕರ್ನಾಟಕದ ಕರಾವಳಿಯಲ್ಲಿ ಇದರ ಬಳಗದ ಜೀವಿಯನ್ನು ಕಪ್ಪೆ ಬೊಂಡಾಸ್ ಎನ್ನುತ್ತಾರೆ. ರೋಗಿಯು ನುಂಗುವ ವೈದ್ಯಕೀಯ ಉಪಕರಣಗಳಿಗೆ, ದೇಹದೊಳಗೆ ವಿಷವಾಗದ ಬ್ಯಾಟರಿ ಬೇಕೆಂಬುದು ಆ ತಂಡದ ಉದ್ದೇಶವಾಗಿತ್ತು.

ಅದರ ಕಾರ್ಯವಿಧಾನ ಸರಳವಾದುದು. ಮೆಲನಿನ್ ಅಣುವಿನಲ್ಲಿರುವ ಕೆಲವು ರಾಸಾಯನಿಕ ಗುಂಪುಗಳು ಸೋಡಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಡುಗೆ ಉಪ್ಪಿನಲ್ಲಿರುವುದೂ ಇದೇ ಸೋಡಿಯಂ. ಬ್ಯಾಟರಿಯನ್ನು ಬಳಸುವಾಗ ಈ ಅಯಾನುಗಳು ನೀರಿನ ದ್ರಾವಣದ ಮೂಲಕ ಮ್ಯಾಂಗನೀಸ್ ಆಕ್ಸೈಡಿನ ಇನ್ನೊಂದು ಧ್ರುವವನ್ನು ಸೇರುತ್ತವೆ; ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿದು ಕೆಲಸ ಮಾಡುತ್ತವೆ. ದೊರೆತ ಒತ್ತಡ ಸುಮಾರು 1 ವೋಲ್ಟ್. ಪ್ರಯೋಗಾಲಯದಲ್ಲಿ ತಯಾರಿಸಿದ ಮೆಲನಿನ್ನಿಗಿಂತ ಪ್ರಕೃತಿಯ ಮೆಲನಿನ್ನೇ ಹೆಚ್ಚು ವಿದ್ಯುದಂಶವನ್ನು ಹಿಡಿದಿಟ್ಟಿತೆಂಬುದು ಗಮನಾರ್ಹ.

ಆದರೆ ಇದನ್ನು ಪವಾಡವೆಂದು ಭ್ರಮಿಸಲಾಗದು. ಒಂದು ಗ್ರಾಂ ಮೆಲನಿನ್ ಹಿಡಿದಿಟ್ಟದ್ದು ಸುಮಾರು 30 ಮಿಲಿ ಆಂಪಿಯರ್ ಗಂಟೆ. ಮೊಬೈಲ್ ಬ್ಯಾಟರಿಯ ಗ್ರಾಫೈಟಿನ ತಾತ್ತ್ವಿಕ ಸಾಮರ್ಥ್ಯ 372. ಮನೆಯ ದೀಪ ಬೆಳಗಲು ಇದು ಸಾಲದು. ಮಸಿಗಾಗಿ ಕಡಲಜೀವಿಗಳನ್ನು ಬರಿದುಮಾಡುವುದಾದರೆ ಅದು ಪರಿಸರದ ಕೆಲಸವೂ ಆಗದು. ಪ್ರಕೃತಿಯಿಂದ ಕಲಿಯುವುದು ಬೇರೆ, ಪ್ರಕೃತಿಯನ್ನು ಸೂರೆಗೊಳ್ಳುವುದು ಬೇರೆ.

ಕಲಿಯಬೇಕಾದ ಪಾಠ ಮತ್ತೊಂದಿದೆ. ವಸ್ತುವೊಂದು ಹುಟ್ಟುವ ಮೊದಲೇ ಅದರ ಕೊನೆಯನ್ನು ಯೋಚಿಸಿದವರು ಈ ವಿಜ್ಞಾನಿಗಳು. ಕೆಲಸ ಮುಗಿದ ಮೇಲೆ ಅದು ಎಲ್ಲಿ ಸೇರುತ್ತದೆ, ಯಾರನ್ನು ಬಾಧಿಸುತ್ತದೆ ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು.

ಮಲೆನಾಡಿನ ಒಂಟಿಮನೆಗಳಲ್ಲಿ ಮಳೆಗಾಲದ ಕತ್ತಲೆಯನ್ನು ನೀಗಿದ್ದು ಸೌರದೀಪ. ಅದರ ಜೊತೆಗೆ ಬಂದ ಸೀಸ ಮತ್ತು ಆಮ್ಲದ ಬ್ಯಾಟರಿಗೂ ಈ ಪ್ರಶ್ನೆಯನ್ನು ಕೇಳಲೇಬೇಕು. ಸತ್ತ ಬ್ಯಾಟರಿಯನ್ನು ತೋಟದ ಅಂಚಿನಲ್ಲಿ ಒಡೆದು ಚೆಲ್ಲಿದರೆ ಆಮ್ಲ ಮಣ್ಣನ್ನು ಸುಡುತ್ತದೆ, ಸೀಸ ಹಳ್ಳದ ನೀರಿಗಿಳಿಯುತ್ತದೆ. ಸೀಸದ ವಿಷ ಮೊದಲು ಮುಟ್ಟುವುದು ಮಕ್ಕಳ ಮಿದುಳನ್ನು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅದನ್ನು ಬೇರೆ ಕಸದೊಡನೆ ಬೆರೆಸದೆ ಒಪ್ಪಿಸುವುದು ಬಳಕೆದಾರರ ಕರ್ತವ್ಯ.

ಮಣ್ಣಿಗೆ ಮರಳಬಲ್ಲ ಬ್ಯಾಟರಿ ಮಲೆನಾಡಿನ ಮನೆಗಳನ್ನು ತಲುಪುವವರೆಗೆ, ಮಣ್ಣಿಗೆ ಸೇರಬಾರದ್ದನ್ನು ಮಣ್ಣಿನಿಂದ ದೂರವಿಡುವುದೇ ಪ್ರತಿ ಮನೆಯ ಕೆಲಸ.