ನಮ್ಮ ಹಲ್ಲಿನ ಡಾಕ್ಟರು
(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸ್ಮರಣಾಂಜಲಿ ಸಭೆಯಲ್ಲಿ ಮಾಡಿದ ಭಾಷಣ)



ಈ ವಾರವೆಲ್ಲ ನಾವು ಈ ದೇವಾಲಯಕ್ಕೆ ಕಲ್ಲು ಹೊತ್ತವರನ್ನೂ, ಗಂಟೆ ಕೊಡಿಸಿದವರನ್ನೂ, ನಮಗೆ ಜ್ಞಾನೋಪದೇಶ ಕಲಿಸಿದವರನ್ನೂ ಸ್ಮರಿಸಿದ್ದೇವೆ. ಅವರೆಲ್ಲರ ಹೆಸರುಗಳು ಧರ್ಮಕೇಂದ್ರದ ದಾಖಲೆ ಪುಸ್ತಕಗಳಲ್ಲಿ ಇವೆ. ಇಂದು ನಾನು ಮಾತನಾಡಬೇಕಾದವರ ಹೆಸರು ಮಾತ್ರ ಆ ಪುಸ್ತಕಗಳಲ್ಲಿ ಎಲ್ಲಿಯೂ ಸಿಕ್ಕುವುದಿಲ್ಲ. ಅವರು ಇಲ್ಲಿ ಜ್ಞಾನಸ್ನಾನ ಪಡೆದವರಲ್ಲ. ನಮ್ಮ ಸಮಾಧಿಭೂಮಿಯಲ್ಲಿ ಮಲಗಿದವರೂ ಅಲ್ಲ. ಆದರೂ ಇಂದಿನ ಸಭೆಯಲ್ಲಿ ಅವರ ಕುರ್ಚಿಯಲ್ಲಿ ಒಮ್ಮೆಯಾದರೂ ಬಾಯಿ ತೆರೆದು ಕುಳಿತಿರದ ಮನೆತನ ಒಂದೂ ಇರಲಾರದು. ಅವರ ಹೆಸರನ್ನು ಅಚ್ಚಿನಲ್ಲಿ ತರುವುದು ಬೇಡವೆಂದು ಮನೆಯವರು ಕೇಳಿಕೊಂಡಿದ್ದಾರೆ. ಅದಕ್ಕೆ ನಾನು ಬದ್ಧನಾಗಿದ್ದೇನೆ. ಬದುಕಿದ್ದಾಗಲಾದರೂ ಅವರನ್ನು ಹೆಸರು ಹಿಡಿದು ಕರೆದವರೆಷ್ಟು ಮಂದಿ? 'ಹಲ್ಲಿನ ಡಾಕ್ಟರು' ಎಂದರೆ ನಾಲ್ಕು ಊರಿಗೂ ಸಾಕಾಗಿತ್ತು.

ಅವರು ಬರುವ ಮೊದಲು ಹಲ್ಲುನೋವಿಗೆ ನಮ್ಮ ಸೀಮೆಯಲ್ಲಿ ಇದ್ದ ಉಪಾಯಗಳನ್ನು ಹಿರಿಯರು ಬಲ್ಲರು. ಮೊದಲು ಲವಂಗ, ಆಮೇಲೆ ಹೊಗೆಸೊಪ್ಪು, ಅದಕ್ಕೂ ಬಗ್ಗದಿದ್ದರೆ ಸಂತೆಯಲ್ಲಿ ಬಟ್ಟೆ ಹಾಸಿ, ಕಿತ್ತ ಹಲ್ಲುಗಳನ್ನು ಸಾಲಾಗಿ ಜೋಡಿಸಿಕೊಂಡು ಕೂರುತ್ತಿದ್ದವನ ಇಕ್ಕಳ. ನಮ್ಮ ರಾಜ್ಯದಲ್ಲಿ ಹಲ್ಲಿನ ವೈದ್ಯವನ್ನು ಶಾಸ್ತ್ರೋಕ್ತವಾಗಿ ಕಲಿಸುವ ಏರ್ಪಾಡೇ ತಡವಾಗಿ ಆಯಿತು. ಬೆಂಗಳೂರಿನ ಸರಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ನಮಗೆ ಹತ್ತಿರವಾದ ದಾವಣಗೆರೆಯ ಬಾಪೂಜಿ ದಂತವೈದ್ಯಕೀಯ ಕಾಲೇಜು 1979ರಲ್ಲಿ ಪ್ರಾರಂಭವಾದವು. ಕಲಿತವರು ದೊಡ್ಡ ಪಟ್ಟಣಗಳಲ್ಲಿ ನೆಲೆಸುವುದು ಲೋಕರೂಢಿ. ಅದನ್ನು ನಾನು ತಪ್ಪೆನ್ನಲಾರೆ. ಒಂದು ಕುರ್ಚಿ, ಒಂದು ಯಂತ್ರ, ಕುದಿನೀರಿನ ಪಾತ್ರೆ ಇವಿಷ್ಟನ್ನು ಹೊಂದಿಸಲಿಕ್ಕೂ ಹಣ ಬೇಕು. ಹಣ ಕೊಡಬಲ್ಲ ರೋಗಿ ಪಟ್ಟಣದಲ್ಲಿದ್ದಾನೆ. ನಮ್ಮವರು ಮಾತ್ರ ಚನ್ನಗಿರಿಗೆ ಬಂದರು. ಬಂದವರು ಹೋಗಲಿಲ್ಲ.

ಭಾರತದಲ್ಲಿ ಈ ವಿದ್ಯೆಗೆ ತಳಹದಿ ಹಾಕಿದ ಡಾಕ್ಟರ್ ರಫೀಉದ್ದೀನ್ ಅಹ್ಮದರ ಚಿತ್ರವೊಂದು ಅವರ ಕೋಣೆಯ ಗೋಡೆಯ ಮೇಲಿತ್ತು. ಅಮೆರಿಕೆಯ ಅಯೋವಾದಲ್ಲಿ ಕಲಿತು ಬಂದು, 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯಕೀಯ ಕಾಲೇಜನ್ನು ತೆರೆದವರು ಅವರು. ಕಾಲೇಜಿನ ಖರ್ಚಿಗಾಗಿ ಪಾನೀಯದ ಅಂಗಡಿಯೊಂದನ್ನು ನಡೆಸಿದರೆಂಬುದನ್ನು ನಮ್ಮ ಡಾಕ್ಟರು ಬಹಳ ಸಂತೋಷದಿಂದ ಹೇಳುತ್ತಿದ್ದರು. 'ಜನರ ಹಲ್ಲನ್ನು ಸಿಹಿಯಿಂದ ಕೆಡಿಸಿ, ಅದೇ ದುಡ್ಡಿನಿಂದ ರಿಪೇರಿ ಕಲಿಸಿದರು ನೋಡಿ' ಎಂದು ನಗುವರು. ಅಹ್ಮದರು ತೀರಿಕೊಂಡದ್ದು 1965ರ ಫೆಬ್ರುವರಿ 9ರಂದು. ನಮ್ಮ ಧರ್ಮಸಭೆಯಲ್ಲಿ ಆ ದಿನ ಹಲ್ಲುನೋವಿನವರ ಹಾಗೂ ದಂತವೈದ್ಯರ ಪಾಲಕಿಯಾದ ಸಂತ ಅಪೊಲೋನಿಯಳ ಹಬ್ಬ. ಸುಮಾರು 249ರಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿ ಗುಂಪೊಂದು ಆ ವೃದ್ಧೆಯ ಹಲ್ಲುಗಳನ್ನೆಲ್ಲ ಹೊಡೆದು ಉದುರಿಸಿ, ಬೆಂಕಿಗೆ ಹಾಕುವುದಾಗಿ ಬೆದರಿಸಿದ ವೃತ್ತಾಂತವನ್ನು ಅಲ್ಲಿನ ಮೇತ್ರಾಣಿ ದಿಯೊನೀಸಿಯುಸರು ತಮ್ಮ ಪತ್ರದಲ್ಲಿ ಬರೆದಿದ್ದಾರೆ. ಈ ಎರಡು ಸಂಗತಿಗಳು ಒಂದೇ ದಿನಕ್ಕೆ ಬಿದ್ದಿರುವುದನ್ನು ನಮ್ಮ ಅಂದಿನ ಗುರುಗಳು ತಿಳಿಸಿದಾಗ ಡಾಕ್ಟರು ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಗುರುತು ಹಾಕಿಕೊಂಡರು. ಅಂದಿನಿಂದ ಪ್ರತಿವರ್ಷ ಆ ದಿನ ನಮ್ಮ ಶಾಲೆಯ ಜಗುಲಿಯಲ್ಲಿ ಬೆಂಚು ಹಾಕಿಸಿ, ಮತಭೇದವಿಲ್ಲದೆ ಬಂದ ಮಕ್ಕಳೆಲ್ಲರ ಬಾಯಿ ನೋಡುವ ಪದ್ಧತಿ ನಡೆದು ಬಂತು.

ಈಗ ಜಗಳೂರಿನ ಮಾತಿಗೆ ಬರುತ್ತೇನೆ. ಅವರ ಬದುಕಿನ ದೊಡ್ಡ ಕೆಲಸ ಅಲ್ಲಿಯದು.

ಚನ್ನಗಿರಿಯವರಾದ ನಮಗೆ ಸೂಳೆಕೆರೆಯ ನೀರಿದೆ, ಭದ್ರಾ ನಾಲೆಯಿದೆ. ಹೊನ್ನಾಳಿಯವರಿಗೆ ತುಂಗಭದ್ರೆಯೇ ಬಾಗಿಲಲ್ಲಿದ್ದಾಳೆ. ಜಗಳೂರಿನವರಿಗೆ ಇದ್ದದ್ದು ಆಕಾಶ, ಅದು ಕೈಕೊಟ್ಟರೆ ಪಾತಾಳ. ಕೊಳವೆಬಾವಿಯನ್ನು ಆಳ ಮಾಡಿದಷ್ಟೂ ಬಂಡೆಯೊಳಗೆ ಬಹುಕಾಲ ನಿಂತ ನೀರು ಬರುತ್ತದೆ. ಆ ನೀರಿನಲ್ಲಿ ಬಂಡೆಯ ಫ್ಲೋರೈಡು ಕರಗಿರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಕ್ಕದಿದ್ದಲ್ಲಿ ಒಂದೂವರೆಯವರೆಗೆ ಕುಡಿಯಬಹುದು ಎಂಬುದು ನಮ್ಮ ದೇಶದ ಮಾನಕ. ಅದಕ್ಕೂ ಮೀರಿದ ನೀರನ್ನು ಕುಡಿದು ಬೆಳೆದ ಮಗುವಿನ ಹಲ್ಲು ಹೊರಬರುವಾಗಲೇ ಸುಣ್ಣದಂತೆ ಮಂಕಾಗಿರುತ್ತದೆ. ಮುಂದೆ ಅದರ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ.

ಆ ಕಡೆಯ ಹಳ್ಳಿಯೊಂದರಿಂದ ಹುಡುಗಿಯೊಬ್ಬಳನ್ನು ತಂದೆ ಕರೆತಂದಿದ್ದರು. ಅವಳು ದಿನವೂ ಇಟ್ಟಿಗೆಪುಡಿಯಿಂದ ಹಲ್ಲು ತಿಕ್ಕಿ ತಿಕ್ಕಿ ವಸಡಿನಲ್ಲಿ ರಕ್ತ ಬರಿಸಿಕೊಂಡಿದ್ದಳು. ಎರಡು ಕಡೆಯ ಸಂಬಂಧ 'ಹುಡುಗಿ ಹಲ್ಲು ಉಜ್ಜುವುದಿಲ್ಲ' ಎಂಬ ಮಾತಿನ ಮೇಲೆ ಮುರಿದಿತ್ತು. ಡಾಕ್ಟರು ಅವಳ ಕೈಗೆ ಕನ್ನಡಿ ಕೊಟ್ಟು, 'ಇದು ಕೊಳೆಯಲ್ಲ ತಾಯಿ. ನೀನು ಹುಟ್ಟಿ ಎಂಟು ವರ್ಷ ತುಂಬುವುದರೊಳಗೆ ನಿಮ್ಮೂರ ನೀರು ಇದನ್ನು ಒಳಗಿನಿಂದಲೇ ಬರೆದುಬಿಟ್ಟಿದೆ. ಉಜ್ಜಿದರೆ ಹಲ್ಲು ಸವೆದೀತು, ಬರಹ ಅಳಿಯುವುದಿಲ್ಲ' ಎಂದರು. ಮುಂದಿನ ಎರಡು ತಿಂಗಳಲ್ಲಿ ಮುಂಭಾಗದ ಹಲ್ಲುಗಳಿಗೆ ಬಿಳಿಯ ಲೇಪ ಹಾಕಿಕೊಟ್ಟರು. ಮೂರನೆಯ ಸಂಬಂಧದವರು ಬಂದಾಗ, ಕರೆಯದಿದ್ದರೂ ತಾವೇ ಆ ಮನೆಗೆ ಹೋಗಿ ಕುಳಿತರಂತೆ. ಗಂಡಿನ ಕಡೆಯವರೂ ಅದೇ ಸೀಮೆಯವರು. 'ಯಜಮಾನ್ರೆ, ಹುಡುಗಿ ಬಾಯಿ ನೋಡಿದ್ದಾಯ್ತು. ಈಗ ನಿಮ್ಮ ಹುಡುಗನ್ನೂ ಸ್ವಲ್ಪ ಬಾಯಿ ತೆಗೆಸಿ, ನಾನೂ ನೋಡ್ತೀನಿ' ಎಂದರಂತೆ. ಮದುವೆ ನಡೆಯಿತು. ಆ ದಂಪತಿಗಳು ಇಂದು ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಅಪ್ಪಣೆ ಪಡೆದೇ ಈ ಮಾತನ್ನು ಹೇಳಿದೆ.

ಆದರೆ ಲೇಪ ಹಾಕುವುದು ವೈದ್ಯನ ಸೋಲು ಎಂಬುದು ಅವರ ಭಾವನೆ. ರೋಗ ಬಾಯಿಯಲ್ಲಿಲ್ಲ, ಬಾವಿಯಲ್ಲಿದೆ ಎನ್ನುತ್ತಿದ್ದರು. ಅಮೆರಿಕೆಯ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಲ್ಲಿನವರ ಹಲ್ಲಿನ ಕಂದು ಕಲೆಗಳನ್ನು ಕಂಡು ಬೆರಗಾಗಿ, ಅದರ ಕಾರಣವನ್ನು ಹುಡುಕುತ್ತ ಮೂವತ್ತು ವರ್ಷ ಕಳೆದರು. ನೀರಿನಲ್ಲಿನ ಫ್ಲೋರೈಡೇ ಅದಕ್ಕೆ ಕಾರಣವೆಂದು ಚರ್ಚಿಲ್ ಎಂಬ ರಸಾಯನ ಶಾಸ್ತ್ರಜ್ಞರಿಂದ ಖಚಿತವಾದದ್ದು 1931ರಲ್ಲಿ. ನಮ್ಮ ದೇಶದಲ್ಲಿ 1937ರಷ್ಟು ಹಿಂದೆಯೇ, ಅಂದಿನ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಈ ರೋಗದ ವರದಿ ಪ್ರಕಟವಾಯಿತು. ಅಲ್ಲಿ ಅದು ಹಲ್ಲಿಗೆ ನಿಲ್ಲದೆ ಬೆನ್ನುಮೂಳೆಯನ್ನೂ ಬಗ್ಗಿಸಿತ್ತು. ಈ ಚರಿತ್ರೆಯನ್ನು ನಮ್ಮ ಡಾಕ್ಟರು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಕಥೆಯಂತೆ ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ. ಹಲ್ಲು ನೋಡಿದ ಪ್ರತಿ ಮಗುವಿನ ಊರು, ವಯಸ್ಸು, ಮನೆಯವರು ನೀರು ತರುವ ಬಾವಿ, ಕಲೆ ಎಷ್ಟು ಹರಡಿದೆ ಎಂಬುದು, ಇವೆಲ್ಲವನ್ನೂ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೇ ಬೀದಿಯಲ್ಲಿ ಒಂದು ಬಾವಿಯ ಮಕ್ಕಳಿಗೆ ಕಲೆ, ಇನ್ನೊಂದು ಬಾವಿಯ ಮಕ್ಕಳಿಗೆ ಇಲ್ಲ ಎಂಬುದು ಕಂಡರೆ, ಆ ಪುಟಕ್ಕೆ ಕೆಂಪು ದಾರ ಕಟ್ಟುವರು.

ನೀರನ್ನು ಕಾಯಿಸಿದರೆ ದೋಷ ಹೋಗುತ್ತದೆಂಬ ನಂಬಿಕೆ ಎಲ್ಲ ಕಡೆಯೂ ಇತ್ತು. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡು ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ತಿಳಿಹೇಳಲು ಅವರು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಪಟಿಕ ಹಾಗೂ ಸುಣ್ಣ ಬೆರೆಸಿ ನೀರನ್ನು ತಿಳಿಗೊಳಿಸುವ ನಲ್ಗೊಂಡ ವಿಧಾನವನ್ನು ಮಾಡಿ ತೋರಿಸಿದರು. ಮನೆಯ ಹೆಂಗಸರಿಗೆ ಅದು ದಿನನಿತ್ಯ ಸಾಧ್ಯವಾಗಲಿಲ್ಲ. ಮಳೆಯ ನೀರನ್ನು ಹಿಡಿದಿಟ್ಟು ಅದನ್ನು ಕುಡಿಯಲಿಕ್ಕೆ, ವಿಶೇಷವಾಗಿ ಸಣ್ಣ ಮಕ್ಕಳಿಗೆ, ಮೀಸಲಿಡಿ ಎಂಬುದು ಹೆಚ್ಚು ಫಲಿಸಿತು. ಈಚಿನ ವರ್ಷಗಳಲ್ಲಿ ಶುದ್ಧ ನೀರಿನ ಘಟಕಗಳು ಬಂದವು, ತುಂಗಭದ್ರೆಯ ನೀರನ್ನು ಜಗಳೂರಿನ ಕೆರೆಗಳಿಗೆ ತುಂಬಿಸುವ ಯೋಜನೆಯೂ ಬಂತು. ಅದಕ್ಕಾಗಿ ಹೋರಾಡಿದವರು ಅನೇಕರು; ಅದರ ಕೀರ್ತಿಯನ್ನು ನಮ್ಮ ಡಾಕ್ಟರಿಗೆ ಕಟ್ಟುವುದು ಅನ್ಯಾಯವಾಗುತ್ತದೆ, ಅವರೂ ಒಪ್ಪುತ್ತಿರಲಿಲ್ಲ.

ಅಲ್ಲಿ ನೀರು, ಇಲ್ಲಿ ಅಡಿಕೆ. ಈ ಮಾತನ್ನು ಚನ್ನಗಿರಿಯ ಸಭೆಯಲ್ಲಿ ಆಡುವುದು ಸುಲಭವಲ್ಲ. ನನ್ನ ಮನೆಯ ಅನ್ನವೂ ತೋಟದಿಂದಲೇ ಬಂದದ್ದು. ಈ ದೇವಾಲಯದ ಹೆಂಚಿನಲ್ಲಿ ಎಷ್ಟು ಪಾಲು ಅಡಿಕೆಯ ಹಣವೆಂಬುದು ನಿಮಗೂ ಗೊತ್ತು. ಅಂಥ ಊರಿನಲ್ಲಿ ಕುಳಿತು ಡಾಕ್ಟರು, ಬಂದ ಪ್ರತಿಯೊಬ್ಬರಿಗೂ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಹೇಳುತ್ತಿದ್ದರು. ಮೂರೂ ಹೋದರೆ ಸರಿ. ಎರಡೇ ಹೋದರೆ ಅವರ ಮುಖ ಗಂಭೀರವಾಗುತ್ತಿತ್ತು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಮೃದುತ್ವ ಕಳೆದುಕೊಂಡು ನಾರಿನಂತೆ ಬಿಗಿಯುತ್ತದೆ, ಬಾಯಿ ದಿನೇದಿನೇ ಕಿರಿದಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ. ಅಂಥವರಲ್ಲಿ ಕೆಲವರಿಗೆ ಅದು ಅರ್ಬುದಕ್ಕೆ ತಿರುಗುತ್ತದೆ. ಹೊಗೆಸೊಪ್ಪು ಬೆರೆಸದ ಬರಿಯ ಅಡಿಕೆಯೂ ಮನುಷ್ಯರಲ್ಲಿ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾರಿತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಎರಡೂ ಸಂದರ್ಭಗಳಲ್ಲಿ ಬೆಳೆಗಾರರಿಗೆ ಸಿಟ್ಟು ಬಂದಿತ್ತು. ಅದು ಅಕಾರಣವಾದ ಸಿಟ್ಟೂ ಅಲ್ಲ. ಬೆಲೆ ಕುಸಿದರೆ ಬೀಳುವವನು ಸಾಲ ಮಾಡಿದ ಸಣ್ಣ ರೈತ.

ಒಮ್ಮೆ ತೋಟದ ಹಿರಿಯರೊಬ್ಬರು ನೇರವಾಗಿ ಅವರ ಕೋಣೆಗೇ ಬಂದು, 'ನಮ್ಮೂರ ಅನ್ನ ತಿಂದು ನಮ್ಮೂರ ಬೆಳೆಗೆ ಕಲ್ಲು ಹಾಕ್ತೀರಲ್ಲ ಡಾಕ್ಟ್ರೇ' ಎಂದರು. ಡಾಕ್ಟರು ಎದುರು ವಾದ ಮಾಡಲಿಲ್ಲ. 'ಗೌಡ್ರೆ, ಬೆರಳಿಡಿ' ಎಂದರು. ಎರಡು ಬೆರಳು ಹೋದವು. ಆ ಹಿರಿಯರನ್ನು ಮರುದಿನವೇ ತಾವೇ ಜೊತೆಗೆ ನಿಂತು ದಾವಣಗೆರೆಗೆ ಕರೆದೊಯ್ದರು. ಸಕಾಲದಲ್ಲಿ ತಿಳಿದುದರಿಂದ ಅವರು ಇನ್ನೂ ಹದಿಮೂರು ವರ್ಷ ಬದುಕಿದರು. ತೋಟವನ್ನೂ ಬಿಡಲಿಲ್ಲ, ಎಲೆಡಿಕೆಯನ್ನು ಮಾತ್ರ ಬಿಟ್ಟರು. ಬೆಳೆಯುವವನ ಹೊಟ್ಟೆ, ಜಗಿಯುವವನ ಬಾಯಿ, ಇವೆರಡರ ನಡುವಿನ ಈ ತೊಡಕನ್ನು ಬಿಡಿಸುವ ದಾರಿ ಡಾಕ್ಟರಿಗೂ ಹೊಳೆದಿರಲಿಲ್ಲ. ಹಾಗೆಂದು ತಾವು ಕಂಡದ್ದನ್ನು ಹೇಳದೆ ಇರಲೂ ಅವರಿಂದ ಆಗಲಿಲ್ಲ. ನನ್ನ ಮಟ್ಟಿಗೆ, ಅವರ ಧೈರ್ಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹೊನ್ನಾಳಿ, ನ್ಯಾಮತಿಗಳ ಬಗೆಗೆ ಹೆಚ್ಚು ಹೇಳಲು ಸಮಯವಿಲ್ಲ. ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಕಾಲದಲ್ಲೇ ಅವರು ವಾರಕ್ಕೊಮ್ಮೆ ಬಸ್ಸಿನಲ್ಲಿ ಸಲಕರಣೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ ಬರುತ್ತಿದ್ದರು. ಕಂಡಕ್ಟರು ಪೆಟ್ಟಿಗೆಗೆ ಲಗೇಜು ಹಾಕುತ್ತಿರಲಿಲ್ಲ, ಡಾಕ್ಟರು ಕಂಡಕ್ಟರಿನ ಹಲ್ಲಿಗೆ ಫೀಸು ಹಾಕುತ್ತಿರಲಿಲ್ಲ. ಫೀಸಿನ ವಿಷಯದಲ್ಲಿ ಅವರು ಸಂತರೇನೂ ಆಗಿರಲಿಲ್ಲವೆಂಬುದನ್ನೂ ಹೇಳಿಬಿಡಬೇಕು. ಉಳ್ಳವರಿಂದ ಪೂರಾ ವಸೂಲು ಮಾಡುತ್ತಿದ್ದರು. ತೋಟವಿದ್ದವನು ಚೌಕಾಶಿ ಮಾಡಿದರೆ ಮುಖ ಕೆಂಪಾಗುತ್ತಿತ್ತು. ಮಕ್ಕಳಿಗೆ ಮಿಠಾಯಿ ಕೊಡುವ ಅಜ್ಜಿಯರನ್ನು ಎಲ್ಲರೆದುರು ಗದರಿಸುತ್ತಿದ್ದರು. ಈ ಗದರಿಕೆಗೆ ನನ್ನ ತಾಯಿಯೂ ಗುರಿಯಾದವರೇ.

ಅವರು ತೀರಿಕೊಂಡ ದಿನ ಚನ್ನಗಿರಿಯ ಅಂಗಡಿಗಳು ತಾವಾಗಿಯೇ ಬಾಗಿಲು ಹಾಕಿದ್ದವು. ಜಗಳೂರಿನ ಹಳ್ಳಿಗಳಿಂದ ಬಂದವರು ಸಾಲಾಗಿ ನಿಂತು ಮುಖದರ್ಶನ ಪಡೆದರು. ಅವರಲ್ಲಿ ಅನೇಕರು ಅಭ್ಯಾಸಬಲದಿಂದ ಸೆರಗನ್ನೋ ವಲ್ಲಿಯನ್ನೋ ಬಾಯಿಗೆ ಅಡ್ಡ ಹಿಡಿದೇ ಅತ್ತರು.

ಅವರ ಲೆಕ್ಕದ ಪುಸ್ತಕಗಳು ಹನ್ನೊಂದು ಇವೆ. ಮನೆಯವರು ಅವನ್ನು ನಮ್ಮ ಶಾಲೆಯ ವಶಕ್ಕೆ ಕೊಟ್ಟಿದ್ದಾರೆ. ಕೆಂಪು ದಾರ ಕಟ್ಟಿದ ಪುಟಗಳಲ್ಲಿರುವ ಬಾವಿಗಳ ಪಟ್ಟಿಯನ್ನು ಮೇಲಿನ ತರಗತಿಯ ಮಕ್ಕಳು ಈಗ ಪ್ರತಿ ಮಾಡುತ್ತಿದ್ದಾರೆ. ಇವುಗಳಲ್ಲಿ ಯಾವುವು ಮುಚ್ಚಿವೆ, ಯಾವುದರ ನೀರನ್ನು ಇನ್ನೂ ಸಣ್ಣ ಮಕ್ಕಳು ಕುಡಿಯುತ್ತಿದ್ದಾರೆ ಎಂಬುದನ್ನು ನೋಡಿಕೊಂಡು ಬರಲು ಜಗಳೂರಿನ ಕಡೆಯ ಮೂವರು ಯುವಕರು ಮುಂದೆ ಬಂದಿದ್ದಾರೆ. ನೀರಿನ ಮಾದರಿ ತುಂಬಲು ಗಾಜಿನ ಸೀಸೆ ಬೇಡ, ಪ್ಲಾಸ್ಟಿಕ್ಕಿನದೇ ಬೇಕು, ಗಾಜಿಗೆ ಫ್ಲೋರೈಡು ಅಂಟಿಕೊಳ್ಳುತ್ತದೆ ಎಂದು ಮೊದಲ ಪುಸ್ತಕದ ಒಳರಟ್ಟಿನ ಮೇಲೆ ಡಾಕ್ಟರು ತಮ್ಮ ಕೈಯಾರೆ ಬರೆದಿಟ್ಟಿದ್ದಾರೆ. ಸೀಸೆಗಳು ಬಂದಿವೆ. ಬರುವ ಸೋಮವಾರ ಆ ಯುವಕರು ಹೊರಡುತ್ತಾರೆ.